ಗೋಳಿ ಹಣ್ಣಾದಾಗ ಬರುವ ನೀಲಿ

ಸುಬ್ರಹ್ಮಣ್ಯ, ಬಿಸಿಲೆ, ಶಿರಾಡಿಯ ಕಾಡಿಗೆ ಹೊರಟವರು ಮೊದಲು ವಿಚಾರಿಸುವುದು ಮಂಗಟ್ಟೆಯನ್ನು. ಅದು ಬರುವ ಮರದಡಿಯಲ್ಲೇ ಇನ್ನಷ್ಟು ಹೊತ್ತು ನಿಲ್ಲಿ, ಫೇರಿ ಬ್ಲೂಬರ್ಡ್ ನೋಡದೆ ಬರಬೇಡಿ ಎನ್ನುತ್ತೇನೆ ನಾನು. ನಮ್ಮ ಘಟ್ಟದ ಬುಡದಲ್ಲಿ ಇದಕ್ಕಿಂತ ಚೆಲುವಾದ ಹಕ್ಕಿ ನನಗೆ ಕಂಡಿಲ್ಲ.

ಗಾತ್ರ ಮೈನಾದಷ್ಟು, ಸುಮಾರು 25 ಸೆಂ.ಮೀ. ಗಂಡಿನ ನೆತ್ತಿಯಿಂದ ಬೆನ್ನುದ್ದಕ್ಕೂ ಹೊಳೆಯುವ ನೀಲಿ. ಮುಖ, ಎದೆ, ರೆಕ್ಕೆ ಮಖಮಲ್ಲಿನಂಥ ಕಪ್ಪು. ಕಣ್ಣು ಕೆಂಪು. ಹೆಣ್ಣಿನದು ಮಾಸಲು ಹಸಿರು ಬೆರೆತ ನೀಲಿ, ಕಣ್ಣು ಮಾತ್ರ ಅಷ್ಟೇ ಕೆಂಪು.

ಹೀಗಿದ್ದರೂ ಹೊಸಬರ ಕಣ್ಣಿಗೆ ಬೀಳುವುದು ಬರೀ ಕರಿಹಕ್ಕಿ. ಈ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಅದರ ಅತಿಸೂಕ್ಷ್ಮ ರಚನೆ ಬೆಳಕಿನೊಳಗಿನ ನೀಲಿಯನ್ನಷ್ಟೇ ಚೆದುರಿಸಿ ನಮ್ಮತ್ತ ಕಳಿಸುತ್ತದೆ. ಆದ್ದರಿಂದ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು. ಎಲೆಮರೆಯ ಹಕ್ಕಿ ಹಣ್ಣಿಗಾಗಿ ಕೊಂಬೆಯ ತುದಿಗೆ ಸರಿದು, ಎಳೆಬಿಸಿಲಿಗೆ ಬೆನ್ನು ತಿರುಗಿಸಿತೆಂದರೆ ನೀಲಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಮರುಗಳಿಗೆ ನೆರಳಿಗೆ ಹಾರಿದರೆ ಮತ್ತೆ ಕಪ್ಪು.

ಹುಡುಕುವುದಾದರೆ ಹಕ್ಕಿಯನ್ನಲ್ಲ, ಮರವನ್ನು ಹುಡುಕಿ. ಗೋಳಿ, ಬಸರಿ, ಅತ್ತಿಗಳು ಊರಿಗೆಲ್ಲ ಒಂದೇ ಸಲ ಹಣ್ಣಾಗುವುದಿಲ್ಲ. ಹಣ್ಣಾದ ಒಂದು ಮರಕ್ಕೆ ಮಂಗಟ್ಟೆ, ಕುಟ್ರು, ಪಿಕಳಾರ, ಹಸಿರು ಪಾರಿವಾಳಗಳೆಲ್ಲ ನೆರೆಯುತ್ತವೆ. ಅವುಗಳ ಗದ್ದಲದ ನಡುವೆ ನೀರು ತುಳುಕಿದಂಥ ಎರಡು ಸ್ವರದ ಸಿಳ್ಳೆ ಕೇಳಿದರೆ ದುರ್ಬೀನು ಎತ್ತಿ. ಮಧ್ಯಾಹ್ನ ಕಾಡಿನ ತೋಡಿಗೆ ಇಳಿದು ಮೀಯುವುದೂ ಉಂಟು. ಜನವರಿಯಿಂದ ಮೇವರೆಗೆ ಗೂಡಿನ ಕಾಲ. ದಟ್ಟ ನೆರಳಿನ ಎಳೆಮರಗಳಲ್ಲಿ, ಕೆಲವೊಮ್ಮೆ ಆಳೆತ್ತರದಲ್ಲೇ ಗೂಡು ಕಟ್ಟುತ್ತದೆ. ಕಂಡರೆ ದೂರ ಸರಿಯಿರಿ, ಫೋಟೋದ ಆಸೆ ಬೇಡ.

ಈ ಹಕ್ಕಿಗೆ ಹಣ್ಣಿನ ಮರ ಬೇಕು, ನಮ್ಮಲ್ಲಿ ಹಬ್ಬಿದ್ದು ರಬ್ಬರ್. 1964ರ ಭಾರತ–ಶ್ರೀಲಂಕಾ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿ ಬಂದ ತಮಿಳರ ಬದುಕಿಗೆಂದು ಅರಣ್ಯ ಅಭಿವೃದ್ಧಿ ನಿಗಮ ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಬೆಳೆಸಿತು. ಆಮೇಲೆ ನಮ್ಮ ಖಾಸಗಿ ಗುಡ್ಡೆಗಳಿಗೂ ರಬ್ಬರ್ ಹತ್ತಿತು. ಅದು ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ, ನಿಜ. ಆದರೆ ದೂರಕ್ಕೆ ಕಾಡಿನಂತೆಯೇ ಕಾಣುವ ಆ ಹಸಿರಿನಲ್ಲಿ ಈ ಹಕ್ಕಿ ನುಂಗುವಂಥ ಒಂದು ಹಣ್ಣೂ ಇಲ್ಲ.

ಅಡಿಕೆ ತೋಟಕ್ಕೆ ನೆರಳೆಂದು ಬೇಲಿಯ ಗೋಳಿಗೆ ಕೊಡಲಿ ಹಾಕುವ ಮುನ್ನ ಅದು ಹಣ್ಣಾಗುವ ಒಂದು ವಾರ ಕಾದು ನೋಡಿ. ಕೊಂಬೆ ಸವರಿದರೆ ಸಾಕಾಗುವಲ್ಲಿ ಬುಡ ಕಡಿಯಬೇಡಿ. ತಿಂದ ಹಣ್ಣಿನ ಬೀಜವನ್ನು ಮುಂದಿನ ಗುಡ್ಡೆಗೆ ಒಯ್ದು ಬಿತ್ತುವುದು ಈ ಹಕ್ಕಿಗಳೇ. ಅವುಗಳ ಹಾದಿಯಲ್ಲಿ ಒಂದು ಮರ ನಿಮ್ಮದೂ ಇರಲಿ.