ಬಿಗಿದರೆ ಬಿರಿಯುವ ರೇಡಿಯೇಟರ್

ಬಿಡಿಭಾಗಗಳನ್ನು ತಂದು ತಾವೇ ಜೋಡಿಸಿ ಕಿಟ್ ಕಾರು ಕಟ್ಟುವವರ ಹುಮ್ಮಸ್ಸೆಲ್ಲ ಎಂಜಿನ್ನು, ಗೇರ್‌ಬಾಕ್ಸು, ಬಣ್ಣಗಳಲ್ಲೇ ಮುಗಿದುಹೋಗುತ್ತದೆ. ಮೂತಿಯೊಳಗೆ ಅವಿತು ಕೂರುವ ರೇಡಿಯೇಟರಿನ ಪಾಲಿಗೆ ಉಳಿಯುವುದು ನಾಲ್ಕು ತಗಡಿನ ಪಟ್ಟಿ, ಕೈಗೆ ಸಿಕ್ಕ ಬೋಲ್ಟು.

ಬ್ರಿಟನ್ನಿನಲ್ಲಿ ಈ ಹವ್ಯಾಸದ ಹೆಸರಾಂತ ಕಾರು 1957ರ ಲೋಟಸ್ ಸೆವೆನ್. ಪೂರ್ತಿ ಕಾರಿಗೆ ಬೀಳುತ್ತಿದ್ದ ಖರೀದಿ ತೆರಿಗೆ ಕಿಟ್ಟಿಗೆ ಬೀಳುತ್ತಿರಲಿಲ್ಲವಾದ್ದರಿಂದ ಲೋಟಸ್ ಸ್ಥಾಪಕ ಕಾಲಿನ್ ಚಾಪ್‌ಮನ್ ಅದನ್ನು ಬಿಡಿಭಾಗಗಳಾಗಿಯೂ ಮಾರಿದರು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಪಾಲಾಯಿತು. 250 ಪೌಂಡಿಗೇ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ರಾನ್ ಚಾಂಪಿಯನ್ 1996ರಲ್ಲಿ ಪುಸ್ತಕ ಬರೆದದ್ದೇ ತಡ, ಮನೆಮನೆಯ ಶೆಡ್ಡಿನಲ್ಲೂ ವೆಲ್ಡಿಂಗ್ ಕಿಡಿ ಹಾರತೊಡಗಿತು. ಆ ‘ಲೋಕಾಸ್ಟ್’ ಕಾರುಗಳ ತಗ್ಗು ಮೂತಿಗೆ ಹಳೆಯ ಫೋಕ್ಸ್‌ವ್ಯಾಗನ್ ಪೋಲೊದ ಪುಟ್ಟ ರೇಡಿಯೇಟರ್ ಹಲವರ ಆಯ್ಕೆ. ಆಯ್ಕೆ ಸರಿಯೇ. ಎಡವಟ್ಟಾಗುವುದು ಕೂರಿಸುವಾಗ.

ಭದ್ರವೆಂದರೆ ಬಿಗಿ ಎಂದುಕೊಳ್ಳುತ್ತಾರೆ. ಆದರೆ ರಸ್ತೆಯ ಮೇಲೆ ಚಾಸಿ ಸದಾ ತುಸು ತಿರುಚುತ್ತಲೇ ಇರುತ್ತದೆ. ನಾಲ್ಕೂ ಮೂಲೆಗೆ ಬೋಲ್ಟು ಜಡಿದರೆ ಆ ತಿರುಚಾಟ ರೇಡಿಯೇಟರಿನ ಮೈಗೇ ಇಳಿಯುತ್ತದೆ. ಕಾದು ಹಿಗ್ಗಲೂ ಅದಕ್ಕೆ ಜಾಗವಿಲ್ಲ. ಕೊನೆಗೆ ತೆಳು ಅಲ್ಯೂಮಿನಿಯಂ ಕೊಳವೆ ಟ್ಯಾಂಕಿಗೆ ಸೇರುವಲ್ಲಿ ಸೋರಿಕೆ ಶುರು. ಎತ್ತಿನಗಾಡಿಯಲ್ಲಿ ಮಡಕೆ ಸಾಗಿಸುವವರು ಅವನ್ನು ಹಗ್ಗದಿಂದ ಬಿಗಿಯುವುದಿಲ್ಲ, ಹುಲ್ಲು ಹಾಸಿ ಇಡುತ್ತಾರೆ. ಕಾರ್ಖಾನೆಯ ಕಾರುಗಳಲ್ಲೂ ನಡೆಯುವುದು ಅದೇ: ರೇಡಿಯೇಟರಿನ ತಳದ ಗೂಟಗಳು ರಬ್ಬರ್ ಬುಷ್‌ನಲ್ಲಿ ಕೂತು ಭಾರವನ್ನೆಲ್ಲ ಹೊರುತ್ತವೆ, ಮೇಲಿನ ಬ್ರ್ಯಾಕೆಟ್ಟುಗಳ ಕೆಲಸ ಅದು ಹಿಂದೆಮುಂದೆ ವಾಲದಂತೆ ನೋಡಿಕೊಳ್ಳುವುದಷ್ಟೇ. ಕೈಯಲ್ಲಿ ಅಲ್ಲಾಡಿಸಿದರೆ ಅದು ಕೊಂಚ ಮಿಸುಕಬೇಕು.

ಎರಡು ತುದಿಗೆ ಬೋಲ್ಟು, ನಡುವೆ ರಬ್ಬರಿರುವ ಬಾಬಿನ್ ಬಳಸುವುದಾದರೆ ಒಂದು ಎಚ್ಚರ. ಅದುಮಿದರೆ ಅದು ತಾಳುತ್ತದೆ, ಎಳೆದರೆ ರಬ್ಬರು ಲೋಹದಿಂದ ಕಿತ್ತುಬರುತ್ತದೆ. ಹಾಗಾಗಿ ರೇಡಿಯೇಟರನ್ನು ಅದರ ಮೇಲೆ ಕೂರಿಸಿ, ಅದಕ್ಕೆ ನೇತುಹಾಕಬೇಡಿ. ರಬ್ಬರಿನಿಂದ ಇನ್ನೊಂದು ಲಾಭ: ಚಳಿಗಾಲದಲ್ಲಿ ಉಪ್ಪು ಸುರಿಯುವ ಬ್ರಿಟನ್ನಿನ ರಸ್ತೆಗಳಲ್ಲಿ ಅಲ್ಯೂಮಿನಿಯಂ ನೇರವಾಗಿ ಉಕ್ಕಿಗೆ ತಾಗಿಕೊಂಡಿದ್ದರೆ ಬೇಗ ಸವೆದುಹೋಗುತ್ತದೆ, ರಬ್ಬರು ಅವೆರಡನ್ನೂ ದೂರವಿಡುತ್ತದೆ.

ರೇಡಿಯೇಟರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಫ್ಯಾನ್ ಕಟ್ಟುವವರನ್ನು ಕಂಡರೆ ನನಗೆ ಮೈಯುರಿ. ಆ ಟೈಗಳನ್ನು ಅದಕ್ಕೆಂದೇ ಮಾರುತ್ತಾರೆ, ನಿಜ. ಆದರೂ ಫ್ಯಾನು ಅದುರಿದಷ್ಟೂ ಆ ಟೈ ಕೊಳವೆಯನ್ನು ಉಜ್ಜುತ್ತಲೇ ಇರುತ್ತದೆ. ಫ್ಯಾನಿಗೆ ಅದರದೇ ಚೌಕಟ್ಟಿರಲಿ. ಎಂಜಿನ್ ತನ್ನ ಮೌಂಟಿನ ಮೇಲೆ ತೂಗಾಡುತ್ತದಾದ್ದರಿಂದ ಅದನ್ನು ರೇಡಿಯೇಟರಿಗೆ ಸೇರಿಸುವ ಹೋಸಿಗೂ ಒಂದು ಬಳುಕು ಬೇಕು. ರೇಡಿಯೇಟರಿನ ಸುತ್ತಲ ಸಂದಿಗಳಿಗೆ ಸ್ಪಂಜಿನ ಪಟ್ಟಿ ಒತ್ತದಿದ್ದರೆ ಗಾಳಿ ಪಕ್ಕದಿಂದ ನುಸುಳಿಹೋಗುತ್ತದೆ.

ನಿಮ್ಮ ಕಾರು ಸಿದ್ಧವಾಗಿದ್ದರೆ ಒಮ್ಮೆ ಮೂತಿ ತೆಗೆದು, ಮೇಲಿನ ಬ್ರ್ಯಾಕೆಟ್ ಸಡಿಲಿಸಿ ನೋಡಿ. ರೇಡಿಯೇಟರಿನ ಭಾರ ತಳದ ರಬ್ಬರಿನ ಮೇಲೆ ಕೂರದೆ ಹೋಸಿಗೆ ಜೋತುಬಿದ್ದರೆ, ಬಣ್ಣದ ಕೆಲಸ ಇನ್ನೊಂದು ವಾರ ಕಾಯಲಿ.