ಕಿನ್ನಾಳದ ಕೈಯೂ ಅಮೇರಿಕದ ಒಗಟೂ

ಬುದ್ಧಿಯ ಬಗ್ಗೆ ಬರೆದ ಪುಸ್ತಕಗಳು ಲೋಕದಲ್ಲಿ ಬೇಕಾದಷ್ಟಿವೆ. ಬುದ್ಧಿ ಕೆಲಸ ಮಾಡುತ್ತಿರುವಾಗ ಅದರ ಮಗ್ಗುಲಲ್ಲಿ ಕುಳಿತು, ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟ ಪುಸ್ತಕಗಳು ವಿರಳ. ಅಲೆನ್ ನ್ಯೂಯೆಲ್ ಮತ್ತು ಹರ್ಬರ್ಟ್ ಸೈಮನ್ ಎಂಬ ಅಮೇರಿಕದ ಇಬ್ಬರು ವಿದ್ವಾಂಸರು 1972ರಲ್ಲಿ ಪ್ರಕಟಿಸಿದ ‘ಹ್ಯೂಮನ್ ಪ್ರಾಬ್ಲಮ್ ಸಾಲ್ವಿಂಗ್’ ಈ ಎರಡನೆಯ ಪಂಕ್ತಿಗೆ ಸೇರಿದ್ದು. ಒಂಬೈನೂರು ಪುಟಗಳನ್ನು ಮೀರಿದ ಈ ಹೆಬ್ಬೊತ್ತಗೆ ಹೊರಬಂದು ಅರ್ಧ ಶತಮಾನ ಕಳೆದಿದೆ. ಮನುಷ್ಯನು ಸಮಸ್ಯೆಯನ್ನು ಹೇಗೆ ಬಿಡಿಸುತ್ತಾನೆ ಎಂದು ಕೇಳುವವರು ಇಂದಿಗೂ ಇದರ ಬಾಗಿಲನ್ನು ದಾಟಿಯೇ ಮುಂದೆ ಹೋಗಬೇಕು. ಆದರೆ ನಮ್ಮವರು ಇದನ್ನು ಓದುವಾಗ ಕೊಪ್ಪಳಕ್ಕೆ ಸಮೀಪದ ಕಿನ್ನಾಳವನ್ನೂ ನೆನಪಿನಲ್ಲಿಟ್ಟುಕೊಂಡು ಓದಬೇಕೆಂಬುದು ನನ್ನ ಸೂಚನೆ. ಪುಸ್ತಕದ ಹೆಸರಿನಲ್ಲಿ ‘ಮನುಷ್ಯ’ ಎಂಬ ಮಾತಿದೆಯಷ್ಟೆ. ಮೇಜಿನ ಮುಂದೆ ಕಾಗದ ಹಿಡಿದು ಕುಳಿತವನಿಗೆ ಸಲ್ಲುವ ಸಿದ್ಧಾಂತ ಮರದ ತುಂಡು ಹಿಡಿದು ಕುಳಿತವನಿಗೂ ಸಲ್ಲಬೇಕಲ್ಲವೆ?

ಮೊದಲು ಪುಸ್ತಕದ ಗುಣವನ್ನು ಹೇಳಬೇಕು. ಗ್ರಂಥಕರ್ತರು ಆರಿಸಿಕೊಂಡ ಸಮಸ್ಯೆಗಳು ಮೂರು ಬಗೆಯವು: ಅಕ್ಷರಗಳ ಲೆಕ್ಕ, ತರ್ಕದ ಸಾಧನೆ, ಚದುರಂಗ. ಅಕ್ಷರಗಳ ಲೆಕ್ಕ ಹೀಗಿದೆ. ಇಂಗ್ಲಿಷಿನಲ್ಲಿ ‘ಡೊನಾಲ್ಡ್’ ಎಂದು ಬರೆದು, ಅದಕ್ಕೆ ‘ಜೆರಾಲ್ಡ್’ ಎಂಬುದನ್ನು ಕೂಡಿದರೆ ‘ರಾಬರ್ಟ್’ ಬರಬೇಕು. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ‘ಡಿ’ ಎಂದರೆ 5 ಎಂಬುದಷ್ಟೇ ಗೊತ್ತು. ಉಳಿದ ಒಂಬತ್ತು ಅಕ್ಷರಗಳಿಗೆ ಒಂಬತ್ತು ಅಂಕಿಗಳನ್ನು ಹಂಚುವ ಕ್ರಮಗಳು 3,62,880. ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ದಿನಗಳೇ ಸಾಲವು. ಮನುಷ್ಯನು ಹಾಗೆ ಮಾಡುವುದಿಲ್ಲ. ಐದು ಐದು ಹತ್ತು, ಆದ್ದರಿಂದ ‘ಟಿ’ ಸೊನ್ನೆ, ದಶಕ ಒಂದು ಎಂದು ಹಿಡಿಯುತ್ತಾನೆ. ಬೇರೊಂದು ಸಾಲಿನಲ್ಲಿ ‘ಓ’ಗೆ ‘ಇ’ಯನ್ನು ಕೂಡಿದರೆ ‘ಓ’ವೇ ಬರುವುದನ್ನು ಕಂಡು, ‘ಇ’ ಸೊನ್ನೆಯಾಗಿರಬೇಕು ಇಲ್ಲವೆ ಒಂಬತ್ತಾಗಿರಬೇಕು ಎನ್ನುತ್ತಾನೆ. ಸೊನ್ನೆ ಆಗಲೇ ಖರ್ಚಾಗಿದೆ, ಆದ್ದರಿಂದ ಒಂಬತ್ತು. ಲಕ್ಷಗಟ್ಟಲೆ ದಾರಿಗಳಿದ್ದ ಕಾಡು ಎರಡು ಹೆಜ್ಜೆಗೆ ಹಿತ್ತಲಾಗಿಬಿಡುತ್ತದೆ.

ಪ್ರಯೋಗಕ್ಕೆ ಕುಳಿತವರು ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಲೆಕ್ಕ ಬಿಡಿಸಬೇಕು. ಗ್ರಂಥಕರ್ತರು ಆ ಮಾತುಗಳನ್ನು ಒಂದೂ ಬಿಡದೆ ಬರೆದುಕೊಂಡು, ಅದೇ ಹೆಜ್ಜೆಗಳನ್ನಿಡುವಂತೆ ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆದು, ಎರಡನ್ನೂ ಹೋಲಿಸಿದರು. ಇದರಿಂದ ಅವರು ಎತ್ತಿದ ತತ್ತ್ವ ಸರಳವಾದದ್ದು. ಸಮಸ್ಯೆಯೆಂದರೆ ಒಂದು ಬಯಲು. ನಾವು ನಿಂತ ಸ್ಥಳ ಒಂದು, ತಲಪಬೇಕಾದ ಸ್ಥಳ ಒಂದು, ನಡುವೆ ಇಡಬಹುದಾದ ಹೆಜ್ಜೆಗಳು ಹಲವು. ಬುದ್ಧಿವಂತನು ಇರುವುದಕ್ಕೂ ಬೇಕಾದುದಕ್ಕೂ ಇರುವ ಅಂತರವನ್ನು ನೋಡಿ, ಆ ಅಂತರವನ್ನು ಕಡಿಮೆ ಮಾಡುವ ಸಾಧನವನ್ನು ಹುಡುಕುತ್ತಾನೆ. ಆ ಸಾಧನಕ್ಕೆ ಮತ್ತೊಂದು ಅಡ್ಡಿಯಿದ್ದರೆ ಮೊದಲು ಅದನ್ನು ನಿವಾರಿಸುತ್ತಾನೆ. ಪ್ರತಿಭೆ ಎಂಬ ಮಂತ್ರದ ಮಾತಿಗೆ ಇಲ್ಲಿ ಎಡೆಯಿಲ್ಲ. ಇದನ್ನು ಒಣ ವಿಚಾರವೆಂದು ಮೂಗು ಮುರಿಯುವ ಸಾಹಿತಿಗಳುಂಟು. ನನಗೆ ಇದರಲ್ಲಿ ಒಂದು ಬಗೆಯ ಪ್ರಜಾಪ್ರಭುತ್ವ ಕಾಣುತ್ತದೆ. ದೊಡ್ಡವರ ಯೋಚನೆಯೂ ಚಿಕ್ಕವರ ಯೋಚನೆಯೂ ಒಂದೇ ನೂಲಿನದು ಎಂದು ಹೇಳುವ ಧೈರ್ಯ ಅದು.

ಈಗ ಕಿನ್ನಾಳಕ್ಕೆ ಬರೋಣ. ಪಟ್ಟಣಿಗರಿಗೆ ಚನ್ನಪಟ್ಟಣದ ಬೊಂಬೆ ಹೆಚ್ಚು ಪರಿಚಿತ. ಅದು ಚರಕಿಯ ಮೇಲೆ ತಿರುಗಿಸಿ ಅರಗಿನ ಬಣ್ಣ ಕೊಟ್ಟದ್ದು. ಕಿನ್ನಾಳದ್ದು ಬೇರೆಯ ಮಾರ್ಗ. ಅಲ್ಲಿಯ ಚಿತ್ರಗಾರರು ಹಗುರವಾದ ಮರವನ್ನು ಆರಿಸಿಕೊಂಡು, ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಹೀಗೆ ಕೂಡಿಸಿದ್ದರಲ್ಲಿ ಸಂದು ಉಳಿಯುತ್ತದೆ. ಸಂದಿನ ಮೇಲೆ ಬಣ್ಣ ನಿಲ್ಲದು. ಅದಕ್ಕೆ ‘ಕಿಟ್ಟ’ವೆಂಬ ಲೇಪ: ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟಿನೊಡನೆ ಹುಣಿಸೆಯ ಅಂಟಿನಲ್ಲಿ ಕಲಸಿದ್ದು. ಅದರ ಮೇಲೆ ಅರಳೆಯ ತುಣುಕುಗಳನ್ನು ಅಂಟಿಸಿ, ಮತ್ತೆ ಬೆಣಚುಕಲ್ಲಿನ ಪುಡಿಯ ಸರಿಯನ್ನು ಬಳಿದರೆ ಬಣ್ಣಕ್ಕೆ ನೆಲ ಸಿದ್ಧವಾಯಿತು. ದೇವತೆಯ ಒಡವೆಗಳು ಮೈಮೇಲೆ ಉಬ್ಬಿ ನಿಲ್ಲುವುದೂ ಇದೇ ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿದ್ದರಿಂದ.

ಸೈಮನ್ನನ ವಿದ್ಯಾರ್ಥಿಯೊಬ್ಬನು ಇದನ್ನು ಕಂಡರೆ ಹಿಗ್ಗಿಯಾನು. ಗುರಿ: ಬಣ್ಣ ಹಿಡಿಯುವ ನಯವಾದ ಮೈ. ಅಂತರ: ಸಂದು. ಸಾಧನ: ಕಿಟ್ಟ. ಅದಕ್ಕೆ ಮುನ್ನ ಬೇಕಾದದ್ದು: ಒಣಗಿದ ಮರ. ಪುಸ್ತಕದಲ್ಲಿ ಹೇಳಿದ ಕ್ರಮ ಪುಸ್ತಕವನ್ನು ಕಾಣದ ಊರಿನಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಇದು ಸಿದ್ಧಾಂತಕ್ಕೆ ದೊರೆತ ಒಳ್ಳೆಯ ಸಾಕ್ಷಿ. ‘ಬರಿಯ ಕೈಚಳಕ’ ಎಂದು ನಾವು ಪಕ್ಕಕ್ಕಿಡುವ ಕೆಲಸದಲ್ಲಿ ಲೆಕ್ಕದ ಮೇಷ್ಟ್ರು ಮೆಚ್ಚುವಂಥ ವಿಚಾರಸರಣಿಯಿದೆ ಎಂಬುದನ್ನು ನಮಗೆ ಈ ಅಮೇರಿಕದ ಗ್ರಂಥ ತೋರಿಸಿಕೊಡುವುದಾದರೆ, ಅಷ್ಟಕ್ಕಾದರೂ ಅದಕ್ಕೆ ಋಣಿಗಳಾಗಿರಬೇಕು.

ಆದರೆ ಇಲ್ಲಿಂದ ಮುಂದೆ ಗ್ರಂಥ ನಮ್ಮ ಜೊತೆಗೆ ಬರುವುದಿಲ್ಲ. ಅಕ್ಷರಗಳ ಲೆಕ್ಕದಲ್ಲಿ ಉತ್ತರ ಬಂದಾಗ ‘ನಾನು ಬಂದೆ’ ಎಂದು ಉತ್ತರವೇ ಸಾರುತ್ತದೆ. ಕೂಡಿ ನೋಡಿದರೆ ತಾಳೆಯಾಗುತ್ತದೆ. ಗೌರಿಯ ಮುಖದಲ್ಲಿ ಹಾಗೆ ತಾಳೆ ನೋಡುವ ಲೆಕ್ಕವಿಲ್ಲ. ಹುಬ್ಬಿನ ಗೆರೆ ಎಷ್ಟು ಬಾಗಿದರೆ ಪ್ರಸನ್ನತೆ, ಎಷ್ಟು ಬಾಗಿದರೆ ಬೆರಗು ಎಂಬುದನ್ನು ಯಾರೂ ಮೊದಲೇ ಬರೆದುಕೊಟ್ಟಿಲ್ಲ. ಇಲ್ಲಿ ಸಾಕು ಎಂದು ಕುಂಚವನ್ನು ಎತ್ತುವ ಗಳಿಗೆಯೂ ಮಾಡುವವನದೇ ತೀರ್ಮಾನ. ಸಮಸ್ಯೆಯನ್ನು ಬಿಡಿಸುವುದರ ಜೊತೆಗೆ, ಸಮಸ್ಯೆ ಯಾವುದೆಂದು ಕಂಡುಕೊಳ್ಳುವುದೂ ಅವನ ಪಾಲಿಗೆ ಬಂದಿದೆ.

ಈ ಕೊರತೆಯನ್ನು ಸೈಮನ್ ಅರಿಯದವನಲ್ಲ. ಮರುವರ್ಷವೇ, 1973ರಲ್ಲಿ, ಅಂಚುಕಟ್ಟಿಲ್ಲದ ಸಮಸ್ಯೆಗಳನ್ನು ಕುರಿತು ಲೇಖನವೊಂದನ್ನು ಬರೆದು, ಮನೆಯ ನಕ್ಷೆ ಹಾಕುವ ವಾಸ್ತುಶಿಲ್ಪಿಯ ನಿದರ್ಶನವನ್ನು ಕೊಟ್ಟನು. ದೊಡ್ಡ ಸಮಸ್ಯೆಯನ್ನು ಶಿಲ್ಪಿ ತನ್ನ ಅನುಭವದ ಬಲದಿಂದ ಅಂಚುಳ್ಳ ಚಿಕ್ಕ ಸಮಸ್ಯೆಗಳಾಗಿ ಒಡೆಯುತ್ತಾನೆ ಎಂಬುದು ಅವನ ವಾದ. ಗೆಟ್ಸೆಲ್ಸ್ ಮತ್ತು ಚಿಕ್‌ಸೆಂಟ್‌ಮಿಹಾಯಿ ಎಂಬವರು ಇನ್ನೊಂದು ದಾರಿ ಹಿಡಿದರು. ಶಿಕಾಗೊ ನಗರದ ಕಲಾವಿದ್ಯಾರ್ಥಿಗಳ ಮುಂದೆ ಹಲವು ವಸ್ತುಗಳನ್ನಿಟ್ಟು, ಬೇಕಾದುದನ್ನು ಆರಿಸಿ ಚಿತ್ರ ಬರೆಯಿರಿ ಎಂದರು. ವಸ್ತುಗಳನ್ನು ಹೆಚ್ಚು ಹೊತ್ತು ಮುಟ್ಟಿ, ತಿರುಗಿಸಿ ನೋಡಿ, ನಡುವೆ ಮನಸ್ಸು ಬದಲಾಯಿಸಿದವರ ಚಿತ್ರಗಳು ಹೆಚ್ಚು ಸ್ವಂತಿಕೆಯುಳ್ಳವೆಂದು ಪರೀಕ್ಷಕರು ಎಣಿಸಿದರು. 1976ರಲ್ಲಿ ಪ್ರಕಟವಾದ ‘ದಿ ಕ್ರಿಯೇಟಿವ್ ವಿಷನ್’ ಎಂಬ ಅವರ ಪುಸ್ತಕದ ತಿರುಳು, ಪ್ರಶ್ನೆಯನ್ನು ಹುಡುಕುವುದೂ ಒಂದು ಶಕ್ತಿ ಎಂಬುದು.

ಈ ಎರಡು ತಿದ್ದುಪಡಿಗಳೂ ಒಪ್ಪತಕ್ಕವು. ಆದರೂ ಇವೆಲ್ಲ ಒಬ್ಬನೇ ಮನುಷ್ಯನನ್ನು, ಒಂದೇ ಹೊತ್ತಿನಲ್ಲಿ ನೋಡುತ್ತವೆ. ಕಿನ್ನಾಳ ಎತ್ತುವ ಆಕ್ಷೇಪ ಇನ್ನೂ ಆಳವಾದದ್ದು. ಹುಣಿಸೆಬೀಜ, ಸೆಣಬು, ಮರದ ಹೊಟ್ಟು, ಬೆಣಚುಕಲ್ಲು, ಈ ನಾಲ್ಕು ಒಂದು ಲೇಪನದ ಕ್ರಮದಲ್ಲಿ ಕೂಡಬೇಕೆಂದು ಒಬ್ಬನು ಒಂದು ಮಧ್ಯಾಹ್ನ ಕುಳಿತು ಹುಡುಕಿದ್ದಲ್ಲ. ಬಿರಿದ ಬೊಂಬೆ, ಉದುರಿದ ಬಣ್ಣ, ಕಿತ್ತುಬಂದ ತೋಳು, ಇಂಥ ಸೋಲುಗಳಿಂದ ತಲೆಮಾರುಗಳು ಕಲಿತ ಪಾಠ ಅದರಲ್ಲಿ ಗಟ್ಟಿಯಾಗಿ ಕುಳಿತಿದೆ. ಹಂಪೆಯ ವಿರೂಪಾಕ್ಷ ದೇವಾಲಯದ ಚಾವಣಿಯ ಚಿತ್ರಗಳು ಇವರ ಪೂರ್ವಿಕರವೆಂಬ ಪ್ರತೀತಿಯುಂಟು.

ಸೈಮನ್ನನೇ 1969ರ ‘ದಿ ಸೈನ್ಸಸ್ ಆಫ್ ದಿ ಆರ್ಟಿಫಿಷಿಯಲ್’ ಎಂಬ ಪುಸ್ತಕದಲ್ಲಿ ಒಂದು ಇರುವೆಯ ದೃಷ್ಟಾಂತ ಕೊಡುತ್ತಾನೆ. ಸಮುದ್ರದ ದಂಡೆಯ ಮೇಲೆ ಇರುವೆ ನಡೆದ ದಾರಿ ಬಹಳ ಸೊಟ್ಟ. ಆದರೆ ಆ ಸೊಟ್ಟತನ ಮರಳಿನ ದಿಣ್ಣೆಗಳದು, ಇರುವೆ ಸರಳಜೀವಿ. ಮನುಷ್ಯನೂ ಹಾಗೆಯೇ ಇರಬಹುದೆಂಬುದು ಅವನ ಊಹೆ. ಸೊಗಸಾದ ದೃಷ್ಟಾಂತ. ಆದರೆ ಅವನು ಒಂದು ಮಾತನ್ನು ಅಷ್ಟಾಗಿ ಒತ್ತಿ ಹೇಳಲಿಲ್ಲ: ಮನುಷ್ಯನ ದಂಡೆಯನ್ನು ಸಮುದ್ರ ಮಾಡಿದ್ದಲ್ಲ, ಹಿಂದೆ ನಡೆದ ಇರುವೆಗಳು ಮಾಡಿದ್ದು. ಚಿತ್ರಗಾರರ ಮನೆಯ ಹುಡುಗನಿಗೆ ಅಂಟಿನ ಮಡಕೆ, ಉಳಿ, ಕುಂಚ, ಯಾವುದರ ಮೇಲೆ ಯಾವುದು ಎಂಬ ಕ್ರಮ, ಎಲ್ಲವೂ ಹುಟ್ಟಿದಾಗಲೇ ಸುತ್ತಲೂ ಇವೆ. ಅವನು ಅರ್ಧ ಬಿಡಿಸಿದ ಸಮಸ್ಯೆಯೊಳಗೆ ಕಣ್ಣು ತೆರೆಯುತ್ತಾನೆ. ಸಂಪ್ರದಾಯವೆಂದು ನಾವು ಕರೆಯುವುದನ್ನು ಯೋಚನೆಯ ಅಭಾವವೆಂದು ತಿಳಿದವರು ಬಹಳ. ಅದು ಕೂಡಿಟ್ಟ ಯೋಚನೆ. ನ್ಯೂಯೆಲ್-ಸೈಮನ್ನರ ದೊಡ್ಡ ಪುಸ್ತಕದಲ್ಲಿ ಇಲ್ಲದ ಅಧ್ಯಾಯ ಇದೇ.

ಈ ಅಧ್ಯಾಯ ಬರೆಯುವುದು ಸುಲಭವಲ್ಲ. ಗಟ್ಟಿಯಾಗಿ ಹೇಳುತ್ತ ಕೆಲಸ ಮಾಡು ಎಂದರೆ ಕಾಲೇಜು ಕಲಿತವನು ಹೇಳಿಯಾನು. ಅಂಟು ಹದಕ್ಕೆ ಬಂದಿತೆಂದು ಬೆರಳಿಗೆ ಗೊತ್ತಾಗುವುದನ್ನು ನಾಲಗೆ ಹೇಗೆ ಹೇಳೀತು? ಮಾತಿಗೆ ಬಂದದ್ದೇ ಯೋಚನೆ ಎಂಬ ನಿಯಮವಾದರೆ ಮಾತಿಗೆ ಬಾರದ್ದು ಲೆಕ್ಕದಿಂದ ಹೊರಗುಳಿಯುತ್ತದೆ. ಅದರೊಡನೆ ಅದನ್ನು ಬಲ್ಲವರೂ ಹೊರಗುಳಿಯುತ್ತಾರೆ. ಇದು ಪಂಡಿತರ ಜಗಳವೆಂದು ಬಿಡುವ ಹಾಗಿಲ್ಲ. ಕಿನ್ನಾಳದ ಬೊಂಬೆಗೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ; ಸಂತೋಷದ ಸಂಗತಿ. ಆದರೆ ಆ ಮುದ್ರೆ ಕಾಯುವುದು ಹೆಸರನ್ನು. ಮನೆಯೊಂದು ಈ ಕಸುಬನ್ನು ಬಿಟ್ಟಾಗ ಮಾರುಕಟ್ಟೆಯಲ್ಲಿ ಕೆಲವು ಬೊಂಬೆಗಳು ಕಡಿಮೆಯಾದವೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ದಂಡೆಯ ಒಂದು ಭಾಗವೇ ಕೊಚ್ಚಿಹೋಗಿರುತ್ತದೆ; ಮುಂದೆ ಬರುವ ಇರುವೆ ಮೊದಲಿನಿಂದ ನಡೆಯಬೇಕು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು, ಅಂದರೆ ಇಂದಿನ ಕೊಪ್ಪಳ. ಓದಿನ ಕಟ್ಟಿಲ್ಲದೆಯೇ ಕಾವ್ಯದ ಮರ್ಮ ಬಲ್ಲ ಜನ ಈ ನಾಡಿನವರೆಂದೂ ಅದೇ ಗ್ರಂಥ ಹೊಗಳುತ್ತದೆ. ಅಭಿಮಾನದಿಂದ ಆ ಮಾತನ್ನು ಸಭೆಗಳಲ್ಲಿ ಹೇಳುತ್ತೇವೆ. ಅದನ್ನು ಕಾವ್ಯಕ್ಕೆ ಮಾತ್ರ ಸಲ್ಲುವ ಹೊಗಳಿಕೆಯೆಂದು ಇಟ್ಟುಕೊಳ್ಳದೆ, ಶೋಧಿಸಿ ನೋಡಬೇಕಾದ ಸಂಗತಿಯೆಂದು ಎತ್ತಿಕೊಳ್ಳುವ ಕಾಲ ಬಂದಿದೆ. ನ್ಯೂಯೆಲ್-ಸೈಮನ್ನರ ಗ್ರಂಥವನ್ನು ನಮ್ಮ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಶ್ರದ್ಧೆಯಿಂದ ಓದಲಿ. ಅದರ ತಾಳ್ಮೆಯನ್ನು ಕಲಿಯಲಿ. ಓದಿ ಮುಗಿಸಿದ ಮೇಲೆ ಕಾಗದ ಪೆನ್ಸಿಲುಗಳೊಡನೆ ಕಿನ್ನಾಳಕ್ಕೆ ಹೋಗಿ, ಚಿತ್ರಗಾರರ ಮುಂದೆ ಪರೀಕ್ಷಕರಾಗಿ ಅಲ್ಲ, ಕಲಿಯುವವರಾಗಿ ಕುಳಿತುಕೊಳ್ಳಲಿ. ಪುಸ್ತಕದಲ್ಲಿ ಬಿಟ್ಟುಹೋದ ಅಧ್ಯಾಯವನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯೇನೂ ಕಾಣುವುದಿಲ್ಲ.