ಗದಗಿನ ಎಡಗೈ

ಬಾಗಲಕೋಟೆಯಲ್ಲಿ ರೈಲು ಹತ್ತಿದರೆ ಬಾದಾಮಿ, ಹೊಳೆಆಲೂರು ದಾಟಿ ಗದಗ. ಅಲ್ಲಿಂದ ಹುಬ್ಬಳ್ಳಿಗೆ ಹೊರಡುವ ನಸುಕಿನ ರೈಲಿನಲ್ಲಿ ಒಂದು ಕಾಲಕ್ಕೆ ಶಾಲೆಯ ಹುಡುಗನೊಬ್ಬ ಕೂತಿರುತ್ತಿದ್ದ. ಹುಬ್ಬಳ್ಳಿಯಲ್ಲಿ ಕ್ರಿಕೆಟ್ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಊರಿಗೆ ವಾಪಸ್. ಆ ಹುಡುಗ, ಮುಂದೆ ಭಾರತದ ಎಡಗೈ ಸ್ಪಿನ್ನರ್ ಆದ ಸುನಿಲ್ ಜೋಶಿ.

ಜೋಶಿ ಎಂದೊಡನೆ ಎಲ್ಲರೂ ನೆನೆಯುವುದು ನೈರೋಬಿಯನ್ನು. 1999ರ ಸೆಪ್ಟೆಂಬರ್ 26, ಎದುರಿಗೆ ದಕ್ಷಿಣ ಆಫ್ರಿಕಾ. 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಗಿಬ್ಸ್, ಕ್ರೋನಿಯೆ, ರೋಡ್ಸ್ ಅಂಥವರ ತಂಡ 117ಕ್ಕೆ ಮುಗಿಯಿತು. ಹತ್ತು ಓವರಿಗೆ ಆರೇ ರನ್! ಈಗಿನ ಆಟದಲ್ಲಿ ಅದು ಒಂದು ಹೊಡೆತದ ಲೆಕ್ಕ.

ಆದರೂ ಭಾರತದ ಪರ ಸಿಕ್ಕಿದ್ದು 15 ಟೆಸ್ಟ್, 69 ಏಕದಿನ ಪಂದ್ಯ. 1995-96ರ ಒಂದೇ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ತೆಗೆದವರಿಗೆ, ಪ್ರಥಮ ದರ್ಜೆಯಲ್ಲಿ 600 ವಿಕೆಟ್ ದಾಟಿದವರಿಗೆ ಇದು ಕಡಿಮೆಯಾಯಿತು ಎಂದೇ ನನ್ನ ತೀರ್ಪು.

ನನಗೆ ಅವರ ಎರಡನೆಯ ಇನಿಂಗ್ಸ್ ಇನ್ನೂ ದೊಡ್ಡದು. 2014ರ ಸೆಪ್ಟೆಂಬರಿನ ನೆರೆಯಲ್ಲಿ ಶ್ರೀನಗರದ ಮೈದಾನ ಮುಳುಗಿತ್ತು. ಅಭ್ಯಾಸಕ್ಕೂ ಜಾಗವಿಲ್ಲದ ಜಮ್ಮು-ಕಾಶ್ಮೀರದ ಹುಡುಗರು ಡಿಸೆಂಬರಿನಲ್ಲಿ ವಾಂಖೆಡೆಗೆ ಹೋಗಿ, 40 ಸಲ ರಣಜಿ ಗೆದ್ದಿದ್ದ ಮುಂಬೈಯನ್ನು ಸೋಲಿಸಿ ಬಂದರು. ಅವರ ಕೋಚ್ ಜೋಶಿ.

ಬಾಂಗ್ಲಾದೇಶದ ಕತೆ ಇನ್ನೂ ಸೊಗಸು. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಆ ದೇಶ ತನ್ನ ಮೊದಲ ಟೆಸ್ಟ್ ಆಡಿತು. ಅಂದು 92 ರನ್ ಹೊಡೆದು, 8 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದವರು ಜೋಶಿಯೇ. 2017ರಲ್ಲಿ ಅದೇ ದೇಶ ತನ್ನ ಸ್ಪಿನ್ನರ್‌ಗಳನ್ನು ಅವರ ಕೈಗೆ ಒಪ್ಪಿಸಿತು. ಮರುವರ್ಷ ವೆಸ್ಟ್ ಇಂಡೀಸ್ ಎದುರಿನ ಎರಡು ಟೆಸ್ಟ್‌ಗಳಲ್ಲಿ ಬಿದ್ದ 40 ವಿಕೆಟ್‌ಗಳೂ ಬಾಂಗ್ಲಾ ಸ್ಪಿನ್ನರ್‌ಗಳ ಪಾಲಾದವು. ಬೀಳಿಸಿದವರನ್ನೇ ಗುರುವಾಗಿ ಕರೆದ ಆ ದೇಶದ ದೊಡ್ಡತನವೂ ಇಲ್ಲಿದೆ. 2020ರಲ್ಲಿ ಜೋಶಿ ಕೆಲ ತಿಂಗಳು ಭಾರತದ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆಗಿದ್ದರು.

ನಿಧಾನದ ಬೌಲಿಂಗ್ ನೋಡುವಾಗ ನನಗೆ ಇಳಕಲ್ಲಿನ ಮಗ್ಗದ ಮನೆ ನೆನಪಾಗುತ್ತದೆ. ಅಲ್ಲಿ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಕೊಂಡಿ ತಪ್ಪಿದರೂ ಸೀರೆಯಲ್ಲಿ ಕಾಣುತ್ತದೆ. ಎಡಗೈ ಸ್ಪಿನ್ನರ್‌ನ ಓವರ್ ಕೂಡ ಹಾಗೆಯೇ. ಐದು ಚೆಂಡು ಒಂದೇ ಜಾಗಕ್ಕೆ ಬಿದ್ದರೆ ಮಾತ್ರ ಆರನೆಯದಕ್ಕೆ ಬ್ಯಾಟ್ಸ್‌ಮನ್ ಮೋಸಹೋಗುತ್ತಾನೆ.

ನವನಗರದ ಮೈದಾನದಲ್ಲೋ ಹುನಗುಂದದ ಶಾಲೆಯ ಅಂಗಳದಲ್ಲೋ ಎಡಗೈಯಲ್ಲಿ ಚೆಂಡು ತಿರುಗಿಸುವ ಹುಡುಗನೋ ಹುಡುಗಿಯೋ ಕಂಡರೆ, ಜೋರಾಗಿ ಹಾಕು ಎಂದು ಅವಸರಪಡಿಸಬೇಡಿ. ಒಂದು ಸಿಕ್ಸರ್ ಹೊಡೆಸಿಕೊಂಡರೂ ಇನ್ನೊಂದು ಓವರ್ ಕೊಡಿ.